ಹೆಸರಿಸಿದ ಸ್ಥಳ

ಮೂರಕ್ಷರದ ಮುಂದ ಒಂದು ಊರಿನ ಹೆಸರು ಬರೀಬೇಕು.
ಬರೀದಿದ್ರ ಆ ಮೂರಕ್ಷರ ಕುಂಟತಾವ.
ಉದ್ಯಮಬಾಗದ ಈ ಫೌಂಡ್ರಿಯ ಡಿಸ್ಪ್ಯಾಚ್ ಕೋಣ್ಯಾಗ
ಹದಿನಾಲ್ಕು ವರ್ಷ ನಾ ಬರದದ್ದು ಒಂದ:
ಎಫ್‌ಒಬಿ, ನ್ಹಾವಾ ಶೇವಾ.
ಆ ಬಂದರ ನಾ ನೋಡಿಲ್ಲ.
ನಾ ನೋಡಿದ ದೊಡ್ಡ ನೀರಂದ್ರ ರಕ್ಕಸಕೊಪ್ಪದ್ದು,
ಅದೂ ಬಸ್ಸಿನ ಕಿಟಕಿಯಿಂದ.

ಅರ್ಥ ಇಷ್ಟ:
ಮಾಲು ಹಡಗು ಏರೂತನಕ ನಮ್ಮದು,
ಏರಿದ ಮ್ಯಾಲ ಅವರದು.
ಮೊದಲ ಇನ್ನೂ ಸೂಕ್ಷ್ಮ ಇತ್ತಂತ,
ಹಡಗಿನ ಅಂಚಿನ ಕಟಕಟಿ ದಾಟಿದ ಗಳಿಗ್ಯಾಗ
ಹೊಣಿ ಕೈ ಬದಲಸ್ತಿತ್ತಂತ.
ರಿಟೈರ್ ಆದ ದೇಸೂರಕರ ಕಾಕಾ ಕೇಳಾವ್ರು:
ಕ್ರೇನಿಗೆ ಜೋತ ಪೆಟಗಿ
ಅರ್ಧ ಕಟಕಟಿ ಆಚೆ, ಅರ್ಧ ಈಚೆ ಇದ್ದಾಗ
ಹಗ್ಗ ಹರದ್ರ, ಯಾರದು?
ಕೇಳಿ, ಚಹಾದ ಬಶಿ ಟೇಬಲ್ಲಿನಿಂದ ಅರ್ಧ ಹೊರಗ ಸರಿಸಿ
ನಮ್ಮ ಮಾರಿ ನೋಡತಿದ್ರು.

ಈಗ ಪೆಟಗಿ ಇಲ್ಲ, ಕಂಟೇನರ್.
ಅದು ಸೀದಾ ಹಡಗು ಏರೂದಿಲ್ಲ.
ಯಾರ್ಡಿನ್ಯಾಗ ನಿಂದರತೈತಿ ನಾಕು ದಿನ, ಒಮ್ಮೊಮ್ಮೆ ಎಂಟು.
ನಮ್ಮ ಕೈಯಾಗ ಇಲ್ಲ, ಆದ್ರ ನಮ್ಮದ.
ನಾ ಹೇಳಿದ್ದೆ, ಎರಡು ಸಲ:
"ಸಾಹೇಬ್ರ, ಕಂಟೇನರಿಗೆ ಎಫ್‌ಒಬಿ ಹೊಂದೂದಿಲ್ಲ,
ಎಫ್‌ಸಿಎ ಬರೀಬೇಕು."
ಸಾಹೇಬ್ರು ಕನ್ನಡಕ ತಗದು ಒರಸಿಕೋತ,
"ಅಪ್ಪಾಜಿ ಕಾಲದಿಂದ ನಡದೈತಿ. ಬರಿ."
ಬರದೆ.

ಆಷಾಢದಾಗ ಹೋದವು ಆರುನೂರಾ ನಲವತ್ತು ಪಂಪಿನ ಕವಚ.
ಮೋಲ್ಡಿಂಗಿನ ಯಮನಪ್ಪ ಪ್ರತಿಯೊಂದರ ಒಳಗ,
ಮಶೀನು ಮುಟ್ಟದ ಕಡೆ,
ಉಸುಕಿನ್ಯಾಗ ಒಂದು ಗೀರು ಕೊರೀತಾನ.
ಡ್ರಾಯಿಂಗಿನ್ಯಾಗ ಇಲ್ಲದ ಈ ಗೀರು ಏನಂತ
ಹ್ಯಾಂಬರ್ಗಿನವರು ಒಮ್ಮೆ ಕೇಳಿದ್ರು.
ಫೌಂಡ್ರಿ ಗುರುತು ಅಂತ ನಾನ ಉತ್ತರ ಬರದಿದ್ದೆ.

ಐದನೇ ದಿನ, ಯಾರ್ಡಿನ್ಯಾಗ,
ಮತ್ಯಾರದೋ ಡಬ್ಬಿ ಎತ್ತೂ ಮುಂದ
ನಮ್ಮದರ ನೆತ್ತಿಗೆ ಬಡದು
ಒಂದು ಗೇಣು ಸೀಳಿತು.
ಕೊಂಕಣದ ಮಳಿಗೆ ಒಂದು ಗೇಣು ಸಾಕು.

ಹ್ಯಾಂಬರ್ಗಿನಿಂದ ಎರಡು ಸಾಲು ಬಂತು, ಭಾಳ ಸಭ್ಯ:
ಹಡಗು ಏರಿಲ್ಲ, ಆದ್ದರಿಂದ ನಮ್ಮದಲ್ಲ.
ಸರಿನ ಐತಿ. ಪುಸ್ತಕದಾಗ ಹಂಗ ಐತಿ.
ವಿಮಾದವರು ಫೈಲು ನೋಡ್ತೀವಿ ಅಂದ್ರು,
ಇನ್ನೂ ನೋಡಾಕತ್ತಾರ.

ತಿರುಗಿ ಬಂದವು.
ಲಾರಿ ಬಾಡಿಗಿ ನಮ್ಮದು,
ಕಾಗಲ ನಾಕಾದಾಗ ಡ್ರೈವರ ಕುಡದ ಚಹಾನೂ ನಮ್ಮದು.
ಉಜ್ಜಿದ್ರ ಹೋಗೂ ತುಕ್ಕಲ್ಲ, ಉಪ್ಪುಗಾಳಿದು,
ನುಣ್ಣಗ ಮಾಡಿದ ಮೈಯೊಳಗ ಇಳದಿತ್ತು.
ಒಡದು ಮತ್ತ ಕುಲಿಮಿಗೆ ಹಾಕಿದ್ರು.
ಯಮನಪ್ಪ ಒಂದು ತುಂಡು ಎತ್ತಿ ಗೀರು ಹುಡುಕಿದ,
ಸಿಕ್ತು, ಹೆಬ್ಬಟ್ಟಿನಿಂದ ತಿಕ್ಕಿದ,
ತಾನ ಒಗದ. ಏನೂ ಅನಲಿಲ್ಲ.
ಅವನ ಎಡಗೈಯ ಎರಡು ಬೆರಳು
ಎಂದೋ ಕಾದ ಕಬ್ಬಿಣಕ್ಕ ಹೋಗ್ಯಾವ,
ಗೇಟಿನ ಒಳಗ.
ಹನ್ನೊಂದು ಷರತ್ತಿನ್ಯಾಗ ಒಂದೂ
ಅಷ್ಟು ಒಳಗಿನಿಂದ ಶುರು ಆಗೂದಿಲ್ಲ.

ದಸರಾ ಮುಂದ ಹೊಸ ಆರ್ಡರ್ ಬಂತು.
ಸಾಹೇಬ್ರು ಈ ಸಲ ಕನ್ನಡಕ ತಗೀಲಿಲ್ಲ.
"ನಿನಗ ತಿಳದಂಗ ಬರಿ."
ಎಫ್‌ಸಿಎ, ಬರದೆ.
ಮುಂದ ಊರು?
ಮಾಲು ನಮ್ಮ ಕೈ ಬಿಡೂದು ಎಲ್ಲಿ?
ಪೆನ್ನು ಸ್ವಲ್ಪ ತಡದು ಬರದೆ:
ಉದ್ಯಮಬಾಗ, ಬೆಳಗಾವಿ.
ಹದಿನಾಲ್ಕು ವರ್ಷದಾಗ ಆ ಸಾಲಿನ್ಯಾಗ ಮೊದಲನೇ ಸಲ
ನಾ ನಡಕೋತ ಹೋಗಬಹುದಾದ ಜಾಗಾ.

ಸಂಜಿಕ ಉತ್ತರ ಬಂತು:
ನಮ್ಮ ಕಂಪ್ಯೂಟರಿನ್ಯಾಗ ಈ ಊರು ಇಲ್ಲ.
ಬೆಳಗಾಂ ಅಂತ ಒಂದೈತಿ. ಎರಡೂ ಒಂದನ?

ಎದ್ದು ಗೇಟಿನ ತನಕ ಹೋದೆ, ಬೋರ್ಡು ನೋಡಾಕ.
ಮ್ಯಾಲ ಬೆಳಗಾವಿ.
ಬಣ್ಣ ಸುಲದ ಕಡೆ, ಕೆಳಗಿನಿಂದ, ಬೆಳಗಾಂ.
ಲಾರಿ ಇಂಜಿನ್ ಚಾಲೂ ಇಟ್ಟು ನಿಂತಿತ್ತು,
ಮುಂದಿನ ಗಾಲಿ ರಸ್ತಾದ ಮ್ಯಾಲ,
ಹಿಂದಿನವು ಅಂಗಳದಾಗ.
"ಅಕ್ಕಾ, ಗೇಟ್ ಪಾಸು?" ಅಂದ ವಾಚಮನ್ ಮೀರಾಸಾಬ,
ಕೈ ಮುಂದ ಮಾಡಿ.